ವಾದ ಮಂಡಿಸುವ ಪ್ರಬಂಧದಲ್ಲಿ ನಡುವಿನ ಪ್ಯಾರಾಗಳನ್ನು ಯಾವ ಕ್ರಮದಲ್ಲಿ ಇಡಬೇಕು?

ಹೊಸಬರಹ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಒಂದೇ ಪ್ರಬಂಧ ಹಿಡಿದು ಕೂತಿದ್ದೇನೆ. ವಿಷಯ ಇದು: ಹೈಸ್ಕೂಲು ಮಕ್ಕಳಿಗೆ ಬೆಳಗಿನ ತರಗತಿ ಒಂದು ಗಂಟೆ ತಡವಾಗಿ ಶುರುವಾಗಬೇಕು. ಓದಿದವರು ಒಪ್ಪುವ ಹಾಗೆ ಬರೆಯಬೇಕು. ಪೀಠಿಕೆ ಆಯಿತು. ಉಪಸಂಹಾರವೂ ಹೆಚ್ಚು ಕಮ್ಮಿ ಆಯಿತು. ನಡುವಿನ ಭಾಗವೇ ಕೈ ಕೊಡುತ್ತಿದೆ.

ಈಗ ಐದು ಪ್ಯಾರಾ ಇವೆ. ಬರೆದ ಕ್ರಮದಲ್ಲೇ ಹೇಳುತ್ತೇನೆ. ಮೊದಲನೆಯದು, ನಿದ್ದೆ ಆರೋಗ್ಯಕ್ಕೆ ಬೇಕು. ಎರಡನೆಯದು, ನಿದ್ದೆ ಸರಿಯಾದರೆ ಪಾಠದಲ್ಲಿ ಗಮನ ನಿಲ್ಲುತ್ತದೆ. ಮೂರನೆಯದು, ಬೆಳಿಗ್ಗೆ ಮನೆಯಲ್ಲಿ ಗಡಿಬಿಡಿ ಕಡಿಮೆಯಾಗುತ್ತದೆ. ನಾಲ್ಕನೆಯದು, ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದೆ ಬೀಳುತ್ತದೆ, ಬೇಗ ಮಲಗು ಅಂದರೂ ನಿದ್ದೆ ಬರುವುದಿಲ್ಲ. ಐದನೆಯದು, "ಅಪ್ಪ ಅಮ್ಮ ಕೆಲಸಕ್ಕೆ ಹೊರಡುವ ಹೊತ್ತಿಗೆ ಇದು ಹೊಂದುವುದಿಲ್ಲ" ಅನ್ನುವವರಿಗೆ ಉತ್ತರ.

ಗೆಳತಿ ಓದಿ, "ತಪ್ಪು ಅಂತ ಏನೂ ಇಲ್ಲ ಕಣೇ, ಆದರೆ ಎಲ್ಲೂ ಹಿಡಿದು ನಿಲ್ಲಿಸಲಿಲ್ಲ" ಅಂದಳು. ಪ್ಯಾರಾಗಳನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಹೇಗಿಟ್ಟರೂ ಅಷ್ಟೇ ಅನಿಸುತ್ತದೆ. ಗಟ್ಟಿ ಮಾತು ಮೊದಲು ಬರಬೇಕಾ, ಕೊನೆಗಾ? ಎದುರು ವಾದಕ್ಕೆ ಉತ್ತರ ಎಲ್ಲಿ ಕೊಡಬೇಕು?

ಸಂಜೆತರಗತಿ

ಗಟ್ಟಿಯದ್ದು ಮೊದಲು. ಓದುವವರ ಗಮನ ಆಗಲೇ ಜಾಸ್ತಿ ಇರುವುದು. ಎರಡು ಪ್ಯಾರಾ ಆದಮೇಲೆ ಕಣ್ಣು ಓಡುತ್ತಿರುತ್ತದೆ, ಮನಸ್ಸು ಇರುವುದಿಲ್ಲ.

ಹಾಳೆಮಗ್ಗ

ನಾನು ತದ್ವಿರುದ್ಧ ಹೇಳುತ್ತೇನೆ. ಗಟ್ಟಿಯದ್ದು ಕೊನೆಗೆ. ಓದಿ ಎದ್ದು ಹೋಗುವಾಗ ತಲೆಯಲ್ಲಿ ಉಳಿಯುವುದು ಅದೇ. ಮೊದಲೇ ಎಲ್ಲ ಖರ್ಚು ಮಾಡಿಬಿಟ್ಟರೆ ಆಮೇಲೆ ಬರೀ ಇಳಿಜಾರು.

ಅಂಚುಟಿಪ್ಪಣಿ

ನಿಮ್ಮಿಬ್ಬರ ಈ ಜಗಳ ಎರಡು ಸಾವಿರ ವರ್ಷ ಹಳೆಯದು. ರೋಮ್‌ನ ಹೆಸರಾಂತ ವಾಗ್ಮಿ ಸಿಸೆರೋ ಕೊಟ್ಟ ಸಲಹೆ ಹೀಗಿದೆ: ಗಟ್ಟಿ ವಾದದಿಂದ ಶುರು ಮಾಡಿ, ಇನ್ನೊಂದು ಗಟ್ಟಿಯದ್ದನ್ನು ಕೊನೆಗೆ ಉಳಿಸಿಕೊಳ್ಳಿ, ಸಾಧಾರಣವಾದವು ನಡುವೆ ಸೇರಿಕೊಳ್ಳಲಿ. ಅವನ ನಂತರ ಬಂದ, ಭಾಷಣಕಲೆ ಕಲಿಸುತ್ತಿದ್ದ ಕ್ವಿಂಟಿಲಿಯನ್ ಇದಕ್ಕೆ ಹೋಮರನ ಕ್ರಮ ಎಂಬ ಹೆಸರಿದೆ ಅನ್ನುತ್ತಾನೆ. ಹೋಮರನ ಇಲಿಯಡ್ ಕಾವ್ಯದಲ್ಲಿ ಮುದುಕ ನೆಸ್ಟರ್ ಸೇನೆ ನಿಲ್ಲಿಸುವ ರೀತಿ ಅದು. ಮುಂದೆ ರಥಗಳು, ಹಿಂದೆ ನೆಚ್ಚಿನ ಕಾಲಾಳುಗಳು, ಅಳ್ಳೆದೆಯವರು ನಡುವೆ. ನಡುವೆ ಸಿಕ್ಕಿಕೊಂಡವರು ಬೇಡವೆಂದರೂ ಹೋರಾಡಲೇಬೇಕು.

ಆದರೆ ಕ್ವಿಂಟಿಲಿಯನ್ ಇದನ್ನೇ ಎಲ್ಲರಿಗೂ ನಿಯಮ ಮಾಡಲಿಲ್ಲ. ಆಯಾ ಪ್ರಕರಣ ಏನು ಕೇಳುತ್ತದೆಯೋ ಹಾಗೆ ಅಂದ. ಒಂದನ್ನು ಮಾತ್ರ ಕಡ್ಡಾಯವಾಗಿ ಬೇಡ ಅಂದ: ಗಟ್ಟಿಯದ್ದರಿಂದ ಶುರು ಮಾಡಿ ಮೆಲ್ಲಗೆ ಜಾರಿ ತೀರಾ ಸಡಿಲವಾದದ್ದಕ್ಕೆ ಬಂದು ನಿಲ್ಲಬಾರದು. ಸಂಜೆತರಗತಿಯವರೇ, ನಿಮ್ಮ ಸಲಹೆಯಲ್ಲಿ ಆ ಅಪಾಯ ಇದೆ.

ಮನಶ್ಶಾಸ್ತ್ರದ ಪ್ರಯೋಗಗಳೂ ಒಂದೇ ಉತ್ತರ ಕೊಡಲಿಲ್ಲ. 1925ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮೊದಲು ಕೇಳಿದ ಪಕ್ಷಕ್ಕೆ ಜನ ವಾಲಿದರು. 1959ರ ಇನ್ನೊಂದರಲ್ಲಿ ಎರಡು ಪಕ್ಷಗಳ ನಡುವೆ ದಿನಗಳ ಅಂತರ ಇಟ್ಟು, ಎರಡನೆಯದನ್ನು ಓದಿದ ಕೂಡಲೇ ಕೇಳಿದಾಗ ಕೊನೆಯದ್ದೇ ಗೆದ್ದಿತು. ಇವೆರಡೂ ಎದುರುಬದುರು ಪಕ್ಷಗಳ ಕ್ರಮದ ಬಗ್ಗೆ. ಒಂದೇ ಪ್ರಬಂಧದ ಒಳಗಿನ ಪ್ಯಾರಾಗಳಿಗೆ ಅದನ್ನು ಹಾಗೇ ಎತ್ತಿ ಅಂಟಿಸಲು ಬರುವುದಿಲ್ಲ.

ಕೆಂಪುಶಾಯಿ

ಹೊಸಬರಹ ಅವರೇ, ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. "ಹೇಗಿಟ್ಟರೂ ಅಷ್ಟೇ ಅನಿಸುತ್ತದೆ." ರೋಗ ಅಲ್ಲೇ ಇದೆ. ವರ್ಷಗಟ್ಟಲೆ ಪ್ರಬಂಧ ತಿದ್ದಿದವಳು ನಾನು, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಪ್ಯಾರಾಗಳನ್ನು ಅದಲು ಬದಲು ಮಾಡಿದರೂ ಪ್ರಬಂಧಕ್ಕೆ ಏನೂ ಆಗುವುದಿಲ್ಲ ಅಂದರೆ, ಅವು ಒಂದಕ್ಕೊಂದು ಅಂಟಿಲ್ಲ ಎಂದೇ ಅರ್ಥ. ಅಕ್ಕಪಕ್ಕ ನಿಂತಿವೆ ಅಷ್ಟೇ. ಯಾವುದು ಗಟ್ಟಿ, ಯಾವುದು ಸಡಿಲ ಅಂತ ತೂಗುವ ಕೆಲಸ ಆಮೇಲಿನದು.

ಹೀಗೆ ಮಾಡಿ ನೋಡಿ. ನಿಮ್ಮ ಮಾತನ್ನು ಒಪ್ಪದ ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಮನಸ್ಸಿನಲ್ಲೇ ಸಾಕು. ಕೆಟ್ಟವರಲ್ಲ, ದಡ್ಡರೂ ಅಲ್ಲ, ಸುಮ್ನೆ ಒಪ್ಪಿಲ್ಲ ಅಷ್ಟೇ. ಅವರಿಗೆ ಪೀಠಿಕೆ ಓದಿ ಹೇಳಿ. "ಹೈಸ್ಕೂಲು ಒಂದು ಗಂಟೆ ತಡವಾಗಿ ಶುರುವಾಗಬೇಕು." ಅವರ ಬಾಯಿಂದ ಬರುವ ಮೊದಲ ಮಾತು ಏನು? "ನಿದ್ದೆ ಆರೋಗ್ಯಕ್ಕೆ ಬೇಕಾ?" ಅಂತ ಯಾರಾದರೂ ಕೇಳುತ್ತಾರಾ? ಇಲ್ಲ. ಅವರು ಕೇಳುವುದು: "ರಾತ್ರಿ ಬೇಗ ಮಲಗಿದರಾಯಿತಲ್ಲ?"

ಅಂದರೆ ನೀವು ನಾಲ್ಕನೇ ಜಾಗದಲ್ಲಿ ಹೂತಿಟ್ಟಿರುವ ಪ್ಯಾರಾ ಮೊದಲು ಬರಬೇಕು. ಅದು ಬರುವ ತನಕ ಅವರು ನಿಮ್ಮ ಬೇರೆ ಯಾವ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ನಿಮ್ಮ ಈಗಿನ ಪ್ರಬಂಧದಲ್ಲಿ ಅವರು ಮೂರು ಪ್ಯಾರಾ ಉದ್ದಕ್ಕೂ "ಬೇಗ ಮಲಗಬಹುದಲ್ಲ, ಬೇಗ ಮಲಗಬಹುದಲ್ಲ" ಅಂದುಕೊಂಡೇ ಓದುತ್ತಿರುತ್ತಾರೆ.

ಅದಕ್ಕೆ ಉತ್ತರ ಸಿಕ್ಕಿತು ಅನ್ನಿ. ಮುಂದಿನ ಮಾತು: "ಆಗಲಿ, ಒಂದೆರಡು ಗಂಟೆ ನಿದ್ದೆ ಕಮ್ಮಿಯಾದರೆ ಏನು ಮುಳುಗಿ ಹೋಗುತ್ತದೆ?" ಅಲ್ಲಿ ನಿಮ್ಮ ಆರೋಗ್ಯ, ಗಮನ ಎರಡನ್ನೂ ಸೇರಿಸಿ ಒಂದು ಪ್ಯಾರಾ. ಆಮೇಲೆ ಜಾಣರು ಇನ್ನೊಂದು ಕೇಳುತ್ತಾರೆ. "ತಡವಾಗಿ ಏಳಬಹುದು ಅಂತ ಗೊತ್ತಾದರೆ ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ ಅಷ್ಟೇ." ಇದಕ್ಕೆ ನಿಮ್ಮ ಐದು ಪ್ಯಾರಾಗಳಲ್ಲಿ ಉತ್ತರವೇ ಇಲ್ಲ! ಇಡೀ ವಾದ ಕುಸಿಯುವ ಜಾಗ ಇದು. ಇದಕ್ಕೆ ಪುರಾವೆ ಹುಡುಕಿ. ಕೊನೆಗೆ, "ಒಳ್ಳೆಯದೇ ಇರಬಹುದು, ಆದರೆ ನಮ್ಮ ಕೆಲಸದ ಹೊತ್ತಿಗೆ ಹೊಂದುವುದು ಹೇಗೆ?" ಅದು ಐದನೆಯದು.

ಇಷ್ಟಾದಮೇಲೆ ಅದಲು ಬದಲು ಮಾಡಿ ನೋಡಿ. ಆಗುವುದಿಲ್ಲ. ಒಂದೊಂದು ಪ್ಯಾರಾವೂ ಹಿಂದಿನದು ಎಬ್ಬಿಸಿದ ಪ್ರಶ್ನೆಗೆ ಉತ್ತರ.

ಹಾಳೆಮಗ್ಗ

ಇದನ್ನು ಓದಿ ನನ್ನ ಮಾತು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. "ಗಟ್ಟಿ" ಅಂತ ನಾನು ಅಂದುಕೊಂಡದ್ದು ನನಗೆ ಗಟ್ಟಿ ಅನಿಸಿದ್ದನ್ನು. ಓದುವವರಿಗೆ ಯಾವುದು ಮೊದಲು ಬೇಕು ಅಂತ ಯೋಚಿಸಿಯೇ ಇರಲಿಲ್ಲ.

ಸಂಜೆತರಗತಿ

ಕೆಂಪುಶಾಯಿ ಮೇಡಂ, ಒಪ್ಪುತ್ತೇನೆ, ಆದರೆ ಒಂದು ಮಾತು. ನಾನು ಪಾಠ ಹೇಳುವವರಲ್ಲಿ ಹೆಚ್ಚಿನವರು ದಿನವಿಡೀ ದುಡಿದು ಬಂದು ಪರೀಕ್ಷೆಗೆ ಓದುವವರು. ಪರೀಕ್ಷೆಯಲ್ಲಿ ಅವರಿಗೆ ಸಿಗುವುದು ಮುಕ್ಕಾಲು ಗಂಟೆ. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಮಾತಾಡಿಸುವಷ್ಟು ಪುರುಸೊತ್ತು ಇರುವುದಿಲ್ಲ. ಪೀಠಿಕೆ, ಮೂರು ಕಾರಣ, ಉಪಸಂಹಾರ ಅನ್ನುವ ಅಚ್ಚು ಅವರನ್ನು ದಡ ಸೇರಿಸಿದೆ. ಅದನ್ನು ಕೀಳಾಗಿ ನೋಡಬೇಡಿ.

ಕೆಂಪುಶಾಯಿ

ಖಂಡಿತ ಕೀಳಾಗಿ ನೋಡುವುದಿಲ್ಲ. ಏನೂ ತೋಚದೆ ಖಾಲಿ ಹಾಳೆ ನೋಡುತ್ತಾ ಕೂರುವವರಿಗೆ ಆ ಅಚ್ಚು ದೊಡ್ಡ ಆಸರೆ. ಅಚ್ಚನ್ನು ಬಿಡದೆಯೇ ಎರಡು ನಿಮಿಷ ಮಾತ್ರ ಬೇರೆ ರೀತಿ ಕಳೆಯಲು ಹೇಳಿ. "ನಾನು ಇದನ್ನು ಹೇಳಿದರೆ ಒಪ್ಪದವರು ಮೊದಲು ಏನನ್ನುತ್ತಾರೆ?" ಅಂತ ಹಾಳೆಯ ಅಂಚಿನಲ್ಲಿ ಬರೆಯಲಿ. ಮೂರು ಕಾರಣಗಳಲ್ಲಿ ಅದಕ್ಕೆ ಉತ್ತರ ಯಾವುದೋ ಅದು ಮೊದಲ ಪ್ಯಾರಾ. ಅಷ್ಟು ಸಾಕು.

ಪೂರ್ವಪಕ್ಷ

ಎದುರು ವಾದ ಎಲ್ಲಿ ಅನ್ನುವ ಪ್ರಶ್ನೆಗೆ ನಾನು ಬರುತ್ತೇನೆ. ಹೆಸರೇ ಅದನ್ನಿಟ್ಟುಕೊಂಡಿದ್ದೇನೆ!

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಮೊದಲು ಪೂರ್ವಪಕ್ಷ ಅಂದರೆ ಎದುರಾಳಿಯ ವಾದ, ಆಮೇಲೆ ಅದರ ಖಂಡನೆ, ಆಮೇಲೆ ಸಿದ್ಧಾಂತ ಅಂದರೆ ತನ್ನ ತೀರ್ಮಾನ. ಎದುರಾಳಿಯ ಮಾತನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಹೇಳಿದ ಮೇಲೆಯೇ ತನ್ನ ಮಾತಿಗೆ ಬರುವುದು. ಸಡಿಲವಾದ ಪೂರ್ವಪಕ್ಷ ಕಟ್ಟಿ ಅದನ್ನು ಉರುಳಿಸಿದರೆ ಏನನ್ನೂ ಗೆದ್ದಂತಾಗಲಿಲ್ಲ.

ಇದಕ್ಕೆ ಪ್ರಯೋಗದ ಬೆಂಬಲವೂ ಇದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೈನಿಕರಿಗೆ, ಜಪಾನ್ ಜೊತೆಗಿನ ಯುದ್ಧ ಇನ್ನೂ ಬಹಳ ಕಾಲ ನಡೆಯುತ್ತದೆ ಎಂಬ ರೇಡಿಯೊ ಭಾಷಣ ಕೇಳಿಸಿದರು. ಕೆಲವರಿಗೆ ಒಂದೇ ಪಕ್ಷದ ವಾದ, ಕೆಲವರಿಗೆ ಎರಡೂ ಪಕ್ಷ ಹೇಳುವ ವಾದ. 1949ರಲ್ಲಿ ಹೋವ್‌ಲೆಂಡ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಅದನ್ನು ಪ್ರಕಟಿಸಿದರು. ಮೊದಲೇ ಒಪ್ಪಿದ್ದವರ ಮೇಲೆ ಒಂದೇ ಪಕ್ಷದ ಮಾತು ಜಾಸ್ತಿ ನಾಟಿತ್ತು. ಒಪ್ಪದೆ ಇದ್ದವರ ಮೇಲೆ ಎರಡೂ ಪಕ್ಷ ಹೇಳಿದ್ದು ಜಾಸ್ತಿ ನಾಟಿತ್ತು. ಆಮೇಲೆ 1999ರಲ್ಲಿ ಓಕೀಫ್ ಎಂಬ ಸಂಶೋಧಕರು ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎದುರು ವಾದ ಎತ್ತಿ ಅದಕ್ಕೆ ಉತ್ತರ ಕೊಟ್ಟರೆ ಒಂದೇ ಪಕ್ಷದ ವಾದಕ್ಕಿಂತ ಹೆಚ್ಚು ಫಲ. ಎದುರು ವಾದ ಎತ್ತಿ ಉತ್ತರ ಕೊಡದೆ ಬಿಟ್ಟರೆ, ಎತ್ತದೆ ಇದ್ದದ್ದಕ್ಕಿಂತಲೂ ಕಡಿಮೆ ಫಲ.

ಆ ಕೊನೆಯ ಮಾತನ್ನು ನನಗೆ ಸ್ವಂತ ಅನುಭವವೇ ಕಲಿಸಿದೆ. ಒಮ್ಮೆ ಒಂದು ಗ್ರಂಥಾಲಯ ರಾತ್ರಿಯೂ ತೆರೆದಿರಲಿ ಅಂತ ಮನವಿ ಬರೆದೆ. ನಡುವೆ ಮೂರು ಪ್ಯಾರಾ ಕಾರಣಗಳು. ಪ್ರಾಮಾಣಿಕವಾಗಿ ಇರಬೇಕು ಅಂತ ಕೊನೆಯ ಪ್ಯಾರಾದಲ್ಲಿ "ರಾತ್ರಿ ಸಿಬ್ಬಂದಿಯ ಸುರಕ್ಷತೆಯ ಪ್ರಶ್ನೆ ಇದೆ ಎಂಬುದು ನಿಜ" ಅಂತ ಬರೆದು, "ಅದನ್ನು ನೀವು ಪರಿಶೀಲಿಸಬೇಕು" ಅಂತ ಬಿಟ್ಟೆ. ಬಂದ ಉತ್ತರದಲ್ಲಿ ನನ್ನ ಮೂರು ಕಾರಣಗಳ ಸುದ್ದಿಯೇ ಇರಲಿಲ್ಲ. "ತಾವೇ ತಿಳಿಸಿರುವಂತೆ ಸುರಕ್ಷತೆಯ ಪ್ರಶ್ನೆ ಇರುವುದರಿಂದ" ಅಂತ ಶುರುವಾಗಿ ಅಲ್ಲೇ ಮುಗಿದಿತ್ತು. ತುಂಬಾ ನೋವಾಯಿತು. ಆ ಪ್ಯಾರಾ ಇನ್ನೂ ಮೇಲೆ ಬಂದಿದ್ದರೆ, ಅದರ ಬೆನ್ನಿಗೇ "ಎರಡು ಗಂಟೆ ಮಾತ್ರ, ಇಬ್ಬರು ಸಿಬ್ಬಂದಿ, ಒಂದೇ ಬಾಗಿಲು" ಅನ್ನುವ ಉತ್ತರ ಇದ್ದಿದ್ದರೆ ಮಾತು ಬೇರೆಯೇ ಆಗುತ್ತಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಹಾಗಾಗಿ ನನ್ನ ಸಲಹೆ: ದಾರಿಯಲ್ಲೇ ಅಡ್ಡ ನಿಂತ ಆಕ್ಷೇಪವನ್ನು ಮೊದಲೇ ಎತ್ತಿಕೊಳ್ಳಿ. "ಬೇಗ ಮಲಗಿದರಾಯಿತಲ್ಲ" ಅಂಥದ್ದು. ಜಾರಿಗೆ ತರುವಾಗಿನ ತೊಡಕು ಕೊನೆಯ ಕಡೆಗೆ ಬರಲಿ. ಓದುವವರು ಅರ್ಧ ಒಪ್ಪಿದ ಮೇಲೆಯೇ ಆ ಚಿಂತೆ ಹುಟ್ಟುವುದು. ಎಲ್ಲೇ ಇಟ್ಟರೂ ಆಕ್ಷೇಪಕ್ಕೆ ಆ ಪ್ಯಾರಾದಲ್ಲೇ ಉತ್ತರ ಕೊಡಿ, ಪ್ಯಾರಾದ ಕೊನೆ ಸಾಲು ನಿಮ್ಮದೇ ಆಗಿರಲಿ.

ಹೊಸಬರಹ

ಎಲ್ಲರಿಗೂ ತುಂಬಾ ಧನ್ಯವಾದ. ಕೆಂಪುಶಾಯಿ ಮೇಡಂ ಹೇಳಿದ ಹಾಗೆ ಅಮ್ಮನನ್ನೇ ಎದುರಿಗೆ ಕೂರಿಸಿಕೊಂಡೆ, ನಿಜವಾಗಿಯೂ. ಪೀಠಿಕೆ ಓದಿ ಮುಗಿಸುವ ಮೊದಲೇ "ಆ ಫೋನು ಬದಿಗಿಟ್ಟು ಮಲಗಿದರೆ ಎಲ್ಲ ಸರಿಹೋಗುತ್ತದೆ" ಅಂದರು!

"ಇನ್ನೂ ತಡವಾಗಿ ಮಲಗುತ್ತಾರೆ" ಅನ್ನುವುದಕ್ಕೂ ಪುರಾವೆ ಸಿಕ್ಕಿತು. ಅಮೆರಿಕದ ಸಿಯಾಟಲ್‌ನಲ್ಲಿ 2016ರಲ್ಲಿ ಹೈಸ್ಕೂಲುಗಳ ಸಮಯವನ್ನು 7:50ರಿಂದ 8:45ಕ್ಕೆ ತಳ್ಳಿದರು. ಎರಡು ಶಾಲೆಗಳ ಮಕ್ಕಳ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ, ಬದಲಾವಣೆಗೆ ಮುಂಚೆ ಮತ್ತು ನಂತರ ನೋಡಿದರು. 2018ರಲ್ಲಿ ಪ್ರಕಟವಾದ ಲೆಕ್ಕದಂತೆ ದಿನದ ನಿದ್ದೆ 34 ನಿಮಿಷ ಹೆಚ್ಚಿತ್ತು. ಸಿಕ್ಕ ಹೊತ್ತನ್ನೆಲ್ಲ ಎಚ್ಚರವಾಗಿ ಕಳೆಯಲಿಲ್ಲ ಅಂತ ಆಯಿತಲ್ವಾ?

ಈಗ ಒಂದು ಪ್ಯಾರಾ ಹಾಕುತ್ತಿದ್ದೇನೆ, ಒಳಗಿನ ಕ್ರಮ ಸರಿಯಿದೆಯಾ ನೋಡಿ.

"ನಿದ್ದೆ ಎಲ್ಲರಿಗೂ ಬಹಳ ಮುಖ್ಯ. ನಿದ್ದೆ ಇಲ್ಲದಿದ್ದರೆ ಆರೋಗ್ಯ ಹಾಳಾಗುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ತಡವಾಗಿ ಏರುತ್ತದೆ. ಆದ್ದರಿಂದ ತರಗತಿಗಳು ತಡವಾಗಿ ಶುರುವಾಗಬೇಕು."

ಎರಡನೇಕರಡು

ನನಗೆ ಬಲು ಇಷ್ಟದ ಕೆಲಸ ಇದು, ಒಂದೊಂದೇ ಸಾಲು ನೋಡೋಣ.

ಮೊದಲ ಎರಡು ಸಾಲು ತೆಗೆಯಿರಿ. ಯಾರೂ ಅಲ್ಲಗಳೆಯದ ಮಾತಿಗೆ ವಾದದ ಪ್ರಬಂಧದಲ್ಲಿ ಕೆಲಸವಿಲ್ಲ. ಮೂರು, ನಾಲ್ಕನೇ ಸಾಲು ಒಳ್ಳೆಯ ಸರಕು. ಆದರೆ ನಾಲ್ಕರಿಂದ ಐದಕ್ಕೆ ನೀವು ಹಾರಿದ್ದೀರಿ. ಮೆಲಟೋನಿನ್ ತಡವಾಗಿ ಏರಿದರೆ ಶಾಲೆ ಯಾಕೆ ತಡವಾಗಬೇಕು? ನಿಮಗೆ ಗೊತ್ತು. ಓದುವವರಿಗೆ ನೀವು ಹೇಳಿಲ್ಲ.

ನ್ಯಾಯಶಾಸ್ತ್ರದಲ್ಲಿ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ, ವಾದಕ್ಕೆ ಐದು ಅಂಗ ಹೇಳುತ್ತಾರೆ. ಪ್ರತಿಜ್ಞೆ: ಬೆಟ್ಟದಲ್ಲಿ ಬೆಂಕಿ ಇದೆ. ಹೇತು: ಹೊಗೆ ಇರುವುದರಿಂದ. ಉದಾಹರಣೆ: ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಕಂಡ ಹಾಗೆ. ಉಪನಯ: ಈ ಬೆಟ್ಟದಲ್ಲೂ ಅಂಥದ್ದೇ ಹೊಗೆ ಇದೆ. ನಿಗಮನ: ಆದ್ದರಿಂದ ಇಲ್ಲಿ ಬೆಂಕಿ ಇದೆ. ನಾನು ಓದುವ ಹತ್ತು ಪ್ಯಾರಾಗಳಲ್ಲಿ ಬಿಟ್ಟುಹೋಗುವುದು ನಾಲ್ಕನೆಯದೇ. ಸಾಮಾನ್ಯ ಸಂಗತಿ ಹೇಳುತ್ತೇವೆ, ತೀರ್ಮಾನ ಹೇಳುತ್ತೇವೆ. ಆ ಸಂಗತಿ ಈ ಬೆಟ್ಟಕ್ಕೆ ಹೇಗೆ ತಾಗುತ್ತದೆ ಅಂತ ತೋರಿಸುವುದನ್ನು ಮರೆಯುತ್ತೇವೆ.

ನಿಮ್ಮ ಪ್ಯಾರಾದಲ್ಲಿ ಉಪನಯ ಅಂದರೆ ಒಂದು ಸಣ್ಣ ಕಳೆಯುವ ಲೆಕ್ಕ. ಹೀಗೆ:

"ಬೇಗ ಮಲಗಿಸಿದರೆ ಸಾಕು ಎಂಬ ಮಾತು ಹದಿಹರೆಯದ ದೇಹಕ್ಕೆ ಹೊಂದುವುದಿಲ್ಲ. ನಿದ್ದೆಯ ಹೊತ್ತಾಯಿತು ಎಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಏರುತ್ತದೆ. ಹತ್ತಕ್ಕೇ ದೀಪ ಆರಿಸಿದ ಹುಡುಗನೂ ಹನ್ನೊಂದರ ತನಕ ಹೊರಳಾಡುತ್ತಿರಬಹುದು. ಅವನು ಬೆಳಿಗ್ಗೆ ಆರಕ್ಕೆ ಏಳಬೇಕಾದರೆ ಸಿಗುವುದು 7 ಗಂಟೆ. ಬೇಕಾದದ್ದು 8ರಿಂದ 10. ರಾತ್ರಿಯ ತುದಿಯನ್ನು ಎಳೆಯಲು ನಮ್ಮಿಂದ ಆಗುವುದಿಲ್ಲ. ಬೆಳಗಿನ ತುದಿ ನಮ್ಮ ಕೈಯಲ್ಲಿದೆ."

"ಆದ್ದರಿಂದ ತರಗತಿ ತಡವಾಗಬೇಕು" ಅಂತ ಬರೆಯಲೇ ಇಲ್ಲ ನೋಡಿ. ಓದುವವರೇ ಅಲ್ಲಿಗೆ ಬಂದು ನಿಲ್ಲುತ್ತಾರೆ.

ಅಂಚುಟಿಪ್ಪಣಿ

ಚೆನ್ನಾಗಿದೆ. ಒಂದು ಸೇರಿಸುತ್ತೇನೆ. ಮುಖ್ಯ ಮಾತು ಪ್ಯಾರಾದ ಮೊದಲ ಸಾಲಲ್ಲೇ ಬರಬೇಕು ಅಂತ ಕಲಿಸುತ್ತಾರೆ. 1974ರಲ್ಲಿ ಬ್ರಾಡಕ್ ಎಂಬವರು ಪತ್ರಿಕೆಗಳಲ್ಲಿ ಬಂದ ಪಳಗಿದ ಲೇಖಕರ ಬರಹ ತೆಗೆದು ಎಣಿಸಿದಾಗ, ಹಾಗೆ ಶುರುವಾದದ್ದು 13 ಶೇಕಡಾ ಪ್ಯಾರಾಗಳು ಮಾತ್ರ.

ಎರಡನೇಕರಡು

ಆ ಅಂಕಿ ನನಗೂ ಗೊತ್ತು, ಆದರೂ ಕಲಿಯುವಾಗ ಮೊದಲ ಸಾಲಲ್ಲೇ ಇಡಿ ಅಂತಲೇ ಹೇಳುತ್ತೇನೆ. ಅದರಲ್ಲೊಂದು ದೊಡ್ಡ ಲಾಭ ಇದೆ. ಎಲ್ಲ ಪ್ಯಾರಾಗಳ ಮೊದಲ ಸಾಲುಗಳನ್ನಷ್ಟೇ ಇನ್ನೊಂದು ಹಾಳೆಗೆ ಇಳಿಸಿ, ಸಾಲಾಗಿ ಓದಿ. ಅಷ್ಟೇ ಓದಿದರೂ ವಾದ ನಡೆಯುತ್ತಿದ್ದರೆ ಕ್ರಮ ಸರಿಯಿದೆ. ಎಲ್ಲಿ ಎಡವುತ್ತೀರೋ ಅಲ್ಲಿ ಒಂದು ಪ್ಯಾರಾ ಕಾಣೆಯಾಗಿದೆ, ಅಥವಾ ತಪ್ಪು ಜಾಗದಲ್ಲಿದೆ.

ಹಾಳೆಮಗ್ಗ

ಆ ಗಡಿಬಿಡಿಯ ಪ್ಯಾರಾ ಏನಾಯಿತು? ಯಾರೂ ಅದರ ಮಾತೇ ಎತ್ತಲಿಲ್ಲ. ಕಾರಣ ಒಂದು ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ?

ಪೂರ್ವಪಕ್ಷ

ಒಳ್ಳೆಯದಲ್ಲ. ಓದುವವರು ಕಾರಣಗಳನ್ನು ಕೂಡಿಸುತ್ತಾ ಹೋಗುವುದಿಲ್ಲ, ಒಟ್ಟು ಸರಾಸರಿ ನೋಡುತ್ತಾರೆ. ಸಡಿಲವಾದದ್ದು ಒಂದು ಸೇರಿದರೆ ಉಳಿದವೂ ತೆಳ್ಳಗಾಗುತ್ತವೆ. ಅಷ್ಟೇ ಅಲ್ಲ, ಒಪ್ಪದವರು ಉತ್ತರ ಕೊಡಲು ಆರಿಸಿಕೊಳ್ಳುವುದು ಅದನ್ನೇ.

ಕೆಂಪುಶಾಯಿ

ಪೂರ್ತಿ ಎಸೆಯಬೇಕಾಗಿಲ್ಲ ಅಂತ ನನಗೆ ಅನಿಸುತ್ತದೆ. ಅದಕ್ಕೆ ಸ್ವಂತ ಪ್ಯಾರಾ ಹೊರುವ ಶಕ್ತಿ ಇಲ್ಲ, ನಿಜ. ಆದರೆ ಅಪ್ಪ ಅಮ್ಮನ ಕೆಲಸದ ಹೊತ್ತಿನ ಪ್ಯಾರಾ ಇದೆಯಲ್ಲ, ಅಲ್ಲಿ ಒಂದು ಸಾಲಾಗಿ ಬಂದರೆ ಜೀವ ಬರುತ್ತದೆ. "ಹೊರಡುವ ಹೊತ್ತು ಬೇರೆಯಾಗುವುದು ತೊಡಕೇ. ಅದರ ಜೊತೆಗೆ, ನಿದ್ದೆಗಣ್ಣಿನ ಮಗುವನ್ನು ಮೂರು ಸಲ ಎಬ್ಬಿಸುವ ಬೆಳಗೂ ಇಲ್ಲವಾಗುತ್ತದೆ." ಅದೇ ಮಾತು. ಮೂರನೇ ಕಾರಣವಾಗಿ ಬಂದರೆ ಕ್ಷುಲ್ಲಕ ಅನಿಸುತ್ತದೆ, ಆ ತಾಯಿತಂದೆಯರ ಚಿಂತೆಗೆ ಉತ್ತರವಾಗಿ ಬಂದರೆ ಅವರನ್ನು ನೀವು ಅರ್ಥ ಮಾಡಿಕೊಂಡಿದ್ದೀರಿ ಅನಿಸುತ್ತದೆ.

ಇನ್ನೊಂದು. "ಮೊದಲನೆಯದಾಗಿ, ಎರಡನೆಯದಾಗಿ, ಮೂರನೆಯದಾಗಿ" ಇವನ್ನೆಲ್ಲ ಅಳಿಸಿ. ಪ್ಯಾರಾಗಳ ನಡುವೆ ನಂಟು ಇಲ್ಲದಾಗಲೇ ನಾವು ಸಂಖ್ಯೆ ಹಾಕುವುದು. ಹಿಂದಿನ ಪ್ಯಾರಾದ ಕೊನೆಯ ಮಾತನ್ನು ಹಿಡಿದು ಮುಂದಿನದನ್ನು ಶುರು ಮಾಡಿ. "ಬೆಳಗಿನ ತುದಿ ನಮ್ಮ ಕೈಯಲ್ಲಿದೆ" ಅಂತ ಮುಗಿಯಿತಲ್ಲ, ಮುಂದಿನದು "ಆ ತುದಿಯಲ್ಲಿ ಕಳೆದುಹೋಗುವ ಒಂದು ಗಂಟೆಗೆ ಮಕ್ಕಳು ತರಗತಿಯಲ್ಲಿ ಬೆಲೆ ತೆರುತ್ತಾರೆ" ಅಂತ ಶುರುವಾಗಲಿ.

ಹೊಸಬರಹ

ಮೂರು ದಿನ ಆಯಿತು, ಬರೆದು ಮುಗಿಸಿದೆ. ಎರಡನೇಕರಡು ಅವರು ಹೇಳಿದಂತೆ ಮೊದಲ ಸಾಲುಗಳನ್ನು ಬೇರೆ ಹಾಳೆಗೆ ಇಳಿಸಿದ್ದೇನೆ:

ಬೇಗ ಮಲಗಿಸಿದರೆ ಸಾಕು ಎಂಬ ಮಾತು ಹದಿಹರೆಯದ ದೇಹಕ್ಕೆ ಹೊಂದುವುದಿಲ್ಲ.
ಬೆಳಿಗ್ಗೆ ಕಳೆದುಹೋಗುವ ಒಂದು ಗಂಟೆಗೆ ಮಕ್ಕಳು ತರಗತಿಯಲ್ಲಿ ಬೆಲೆ ತೆರುತ್ತಾರೆ.
ಆ ಗಂಟೆ ಮರಳಿ ಕೊಟ್ಟರೆ ಅವರು ಅದನ್ನು ನಿದ್ದೆಗೇ ಬಳಸುತ್ತಾರೆ.
ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ 8:30ಕ್ಕೆ ಮೊದಲು ತರಗತಿ ಬೇಡ ಎಂದಿತು.
ಹೊರಡುವ ಹೊತ್ತು ಬದಲಾದರೆ ತಾಯಿತಂದೆಯರಿಗೆ ತೊಡಕಾಗುವುದು ನಿಜ.

ನಾಲ್ಕನೆಯದರಲ್ಲಿ ಎಡವುತ್ತಿದ್ದೇನೆ. ಯಾಕೆ ಅಂತ ಗೊತ್ತಾಗುತ್ತಿಲ್ಲ.

ಎರಡನೇಕರಡು

ಅದು ಯಾರ ಪ್ರಶ್ನೆಗೂ ಉತ್ತರ ಅಲ್ಲ, ಅದಕ್ಕೆ. ಉಳಿದ ನಾಲ್ಕೂ ಸಾಲು ಯಾರ ಜೊತೆಗೋ ಮಾತಾಡುತ್ತಿವೆ. ಇದು ಒಂದು ಪುರಾವೆ, ಪ್ಯಾರಾದ ತಲೆ ಮೇಲೆ ಕೂತಿದೆ. ಎರಡನೇ ಪ್ಯಾರಾದ ಒಳಗೆ ಕಳಿಸಿ, ಅಲ್ಲಿ ಅದಕ್ಕೆ ಕೆಲಸ ಇದೆ.

ಹೊಸಬರಹ

ಕಳಿಸಿದೆ. ಈಗ ನಾಲ್ಕೇ ಪ್ಯಾರಾ, ಮತ್ತು ನಿಜವಾಗಿಯೂ ಅದಲು ಬದಲು ಮಾಡಲು ಆಗುತ್ತಿಲ್ಲ! ಅದೇ ಗೆಳತಿಗೆ ಕೊಟ್ಟೆ. ಈ ಸಲ ಓದಿ ಮುಗಿಸಿ ಸುಮ್ಮನಾಗಲಿಲ್ಲ, ನನ್ನ ಜೊತೆ ವಾದಕ್ಕೇ ನಿಂತಳು. "ಬೆಳಿಗ್ಗೆ ಒಂದು ಗಂಟೆ ಮುಂದೆ ಹೋದರೆ ಸಂಜೆ ಆಟಕ್ಕೆ ಹೊತ್ತು ಎಲ್ಲಿ ಉಳಿಯುತ್ತದೆ?" ಅಂತ. ಇದನ್ನು ಎಲ್ಲಿ ಸೇರಿಸಲಿ?

ಕೆಂಪುಶಾಯಿ

ಓದಿ ತುಂಬಾ ಖುಷಿಯಾಯಿತು. ತಾಯಿತಂದೆಯರ ಪ್ಯಾರಾದ ಮುಂಚೆ ಸೇರಿಸಿ. ಅದು ಮಕ್ಕಳ ದಿನದ ಬಗ್ಗೆಯೇ ಇರುವ ಪ್ರಶ್ನೆ, ದೊಡ್ಡವರ ದಿನ ಆಮೇಲೆ ಬರಲಿ. ಆಟದ ಹೊತ್ತು ಸ್ವಲ್ಪ ಕಡಿಮೆಯಾಗುವುದು ನಿಜವಾದರೆ ಅದನ್ನು ಒಪ್ಪಿಕೊಂಡೇ ಉತ್ತರ ಬರೆಯಿರಿ. ಬರೆದಮೇಲೆ ಆ ಪ್ಯಾರಾ ಇಲ್ಲಿ ಹಾಕಿ, ನೋಡುತ್ತೇನೆ.